‘ತೆಗೆಸಿಬಿಡಿ’ಗೂ ‘ತಡ್ಕೊಳ್ಳಿ’ಗೂ ನಡುವೆ ದಾರಿಗಳಿವೆ

1/9

ಫೋಟೋದಲ್ಲಿರೋದು ನಮ್ಮ ಚಿಕ್ಕಮ್ಮನ ಮಾತ್ರೆ ಡಬ್ಬಿ. ಬೆಳಿಗ್ಗೆ 8ಕ್ಕೆ ಒಂದು ಸಲ, ರಾತ್ರಿ 8ಕ್ಕೆ ಒಂದು ಸಲ. ಅಲಾರಾಂ ಹೊಡೆದ್ರೆ ಮದುವೆ ಮನೇಲಿ ಎಲೆ ಮುಂದೆ ಕೂತಿದ್ರೂ ಎದ್ದು ಹೋಗಿ ಮಾತ್ರೆ ನುಂಗಿ ಬರ್ತಾರೆ. ಆರು ವರ್ಷದಿಂದ ಒಂದು ಹೊತ್ತೂ ತಪ್ಪಿಸಿಲ್ಲ. ಯಾಕಂದ್ರೆ ಅವರ ಹೊಟ್ಟೆಯ ಬಲಭಾಗದಲ್ಲಿ ಕೆಲಸ ಮಾಡ್ತಿರೋದು ನಮ್ಮ ಅಜ್ಜಿಯ ಕಿಡ್ನಿ.

ಇಷ್ಟು ಶಿಸ್ತಿನ ಹೆಂಗಸು ಎರಡು ವರ್ಷ ಒಂದು ವಿಷಯ ಮಾತ್ರ ಯಾರಿಗೂ ಹೇಳಿರಲಿಲ್ಲ. ಮುಟ್ಟು ಬಂದ್ರೆ ಒಂಬತ್ತು ಹತ್ತು ದಿನ ನಿಲ್ತಿರಲಿಲ್ಲ. ಮೊದಲ ಮೂರು ದಿನ ಗಂಟೆಗೊಂದು ಪ್ಯಾಡ್. ಬಸ್ಸಲ್ಲಿ ಕೂರೋಕೆ ಮುಂಚೆ ಸೀಟ್ ಮೇಲೆ ಕಪ್ಪು ದುಪಟ್ಟಾ ಹಾಸ್ಕೊಳ್ಳೋರು. ‘ಇನ್ಫೆಕ್ಷನ್ ಭಯ ಇರಬೇಕು’ ಅಂತ ನಾವು ಅಂದ್ಕೊಂಡಿದ್ವಿ.

ಕಡೆಗೆ ಸ್ಕ್ಯಾನ್ ಮಾಡಿಸಿದಾಗ ಗೊತ್ತಾಯ್ತು: ಗರ್ಭಕೋಶದಲ್ಲಿ ಗಡ್ಡೆ. ಫೈಬ್ರಾಯ್ಡ್.

ಆಮೇಲೆ ಸಿಕ್ಕ ಸಲಹೆ ಎರಡೇ ಎರಡು. ಒಬ್ಬ ಡಾಕ್ಟರ್ ಹೇಳಿದ್ರು, “ಮಗಳು ಇದಾಳಲ್ಲ, ಇನ್ಯಾಕೆ? ಗರ್ಭಕೋಶ ತೆಗೆಸಿಬಿಡಿ.” ಇನ್ನೊಬ್ರು ಹೇಳಿದ್ರು, “ಕಿಡ್ನಿ ಹಾಕಿಸ್ಕೊಂಡಿದೀರಿ, ನಾವು ಮುಟ್ಟಲ್ಲ. ತಡ್ಕೊಳ್ಳಿ. ಮುಟ್ಟು ನಿಂತ ಮೇಲೆ ತಾನಾಗೇ ಸರಿಹೋಗುತ್ತೆ.” ಆಗ ಚಿಕ್ಕಮ್ಮನಿಗೆ 39 ವರ್ಷ. ಮುಟ್ಟು ನಿಲ್ಲೋಕೆ ಇನ್ನೂ ಎಷ್ಟು ವರ್ಷ ಅಂತ ನೀವೇ ಲೆಕ್ಕ ಹಾಕಿ.

ಈ ಎರಡೂ ಮಾತು ಎಲ್ಲರ ವಿಷಯದಲ್ಲೂ ತಪ್ಪು ಅಂತ ನಾನು ಹೇಳಲ್ಲ. ಆದ್ರೆ ಡಾಕ್ಟರ್ ಬಾಯಿಂದ ಬರುವ ಮೊದಲ ಮಾತು ಇವಾಗಬಾರದು. ಎರಡರ ನಡುವೆ ದೊಡ್ಡದಾಗಿ ಕೊಯ್ಯದೆ ಮಾಡುವ ಚಿಕಿತ್ಸೆಗಳಿವೆ. ಕಿಡ್ನಿ ಕಸಿ ಆದವಳಿಗೂ ಅವನ್ನ ಹೇಳಬೇಕು, ಹೇಳಿ ಅವಳಿಂದಲೇ ಉತ್ತರ ಕೇಳಬೇಕು. ಈ ಒಂಬತ್ತು ಪೋಸ್ಟ್‌ನಲ್ಲಿ ನನ್ನ ವಾದ ಇಷ್ಟೇ.

ನಾನು ಡಾಕ್ಟರ್ ಅಲ್ಲ, ಇಮೇಜಿಂಗ್ ಟೆಕ್ನಾಲಜಿ ಓದ್ತಿರೋ ಸ್ಟೂಡೆಂಟ್ ಅಂತ ನಿಮಗೆ ಗೊತ್ತು. ಇದನ್ನ ಓದಿ ಯಾರೂ ಮಾತ್ರೆ ನಿಲ್ಲಿಸೋದು, ಶುರು ಮಾಡೋದು ಮಾಡಬೇಡಿ. ಚಿಕ್ಕಮ್ಮನ ಒಪ್ಪಿಗೆ ತಗೊಂಡೇ ಬರೀತಿದೀನಿ. “ಹೆಸರು ಬೇಡ, ಉಳಿದಿದ್ದೆಲ್ಲ ಬರಿ” ಅಂದ್ರು.

2/9

ಮೊದಲು ಗಡ್ಡೆ ಅನ್ನೋ ಪದದ ಭಯ ಇಳಿಸೋಣ.

ಫೈಬ್ರಾಯ್ಡ್ ಅಂದ್ರೆ ಗರ್ಭಕೋಶದ ಸ್ನಾಯುವಿನಲ್ಲೇ ಬೆಳೆಯುವ ಗಂಟು. ಕ್ಯಾನ್ಸರ್ ಅಲ್ಲ. ಇದೇ ಥರ ಕಾಣುವ ಕ್ಯಾನ್ಸರ್ ಇದೆ, ಆದ್ರೆ ಅದು ತೀರಾ ಅಪರೂಪ. ಅಮೆರಿಕದಲ್ಲಿ ಹೆಂಗಸರನ್ನ ಸ್ಕ್ಯಾನ್ ಮಾಡಿ ನೋಡಿದ 2003ರ ಒಂದು ಅಧ್ಯಯನದ ಪ್ರಕಾರ, 50 ವಯಸ್ಸು ಬರೋ ಹೊತ್ತಿಗೆ ಹತ್ತರಲ್ಲಿ ಏಳಕ್ಕೂ ಹೆಚ್ಚು ಜನರಲ್ಲಿ ಫೈಬ್ರಾಯ್ಡ್ ಇರಬಹುದು. ತುಂಬಾ ಜನರಿಗೆ ಅದು ಇದೆ ಅಂತಲೇ ಗೊತ್ತಾಗಲ್ಲ, ಚಿಕಿತ್ಸೆಯೂ ಬೇಕಾಗಲ್ಲ.

ತೊಂದರೆ ಕೊಡುತ್ತಾ ಇಲ್ವಾ ಅನ್ನೋದನ್ನ ಗಾತ್ರಕ್ಕಿಂತ ಹೆಚ್ಚಾಗಿ ಜಾಗ ತೀರ್ಮಾನ ಮಾಡುತ್ತೆ. ಗರ್ಭಕೋಶವನ್ನ ಒಂದು ಮನೆ ಅಂದ್ಕೊಳ್ಳಿ. ಗಂಟು ಒಳಗಿನ ಕೋಣೆಗೆ ಚಾಚಿಕೊಂಡಿದ್ರೆ ಎರಡು ಸೆಂಟಿಮೀಟರ್ ಇದ್ರೂ ರಕ್ತ ಹರಿಸುತ್ತೆ. ಗೋಡೆಯೊಳಗೆ ಇರಬಹುದು. ಹೊರಗೆ ಜಗಲಿ ಕಡೆ ಬೆಳೆದಿದ್ರೆ ನಿಂಬೆಹಣ್ಣಿಗಿಂತ ದೊಡ್ಡದಾದ್ರೂ ರಕ್ತಸ್ರಾವ ಇಲ್ಲದೇ ಇರಬಹುದು. ಆದ್ರೆ ಮೂತ್ರಕೋಶವನ್ನೋ ಅಕ್ಕಪಕ್ಕದ ಕೊಳವೆಯನ್ನೋ ಒತ್ತಬಹುದು. ಈ ಮೂರು ಜಾಗ ನೆನಪಿಟ್ಕೊಳ್ಳಿ, ಮುಂದೆ ಬೇಕಾಗುತ್ತೆ.

ಕಿಡ್ನಿ ಕಸಿಗೂ ಇದಕ್ಕೂ ಏನು ಸಂಬಂಧ?

ಡಯಾಲಿಸಿಸ್‌ನಲ್ಲಿರೋ ಎಷ್ಟೋ ಹೆಂಗಸರಿಗೆ ಮುಟ್ಟು ಏರುಪೇರಾಗುತ್ತೆ, ಕೆಲವರಿಗೆ ನಿಂತೇ ಹೋಗುತ್ತೆ. ಚಿಕ್ಕಮ್ಮನಿಗೂ ನಿಂತಿತ್ತು. ಹೊಸ ಕಿಡ್ನಿ ಚೆನ್ನಾಗಿ ಕೆಲಸ ಶುರು ಮಾಡಿದ್ರೆ ಕೆಲವೇ ತಿಂಗಳಲ್ಲಿ ಹಾರ್ಮೋನು ದಾರಿಗೆ ಬಂದು ಮುಟ್ಟು ಮತ್ತೆ ಶುರುವಾಗುತ್ತೆ. ಅಂದ್ರೆ ಮುಟ್ಟು ವಾಪಸ್ ಬರೋದು ಒಳ್ಳೇ ಸುದ್ದಿ. ಅಮೆರಿಕದಲ್ಲಿ ಎಡಿತ್ ಹೆಲ್ಮ್ ಅನ್ನೋ ಮಹಿಳೆಗೆ 1956ರಲ್ಲಿ ಅವರ ಅವಳಿ ಸಹೋದರಿಯ ಕಿಡ್ನಿ ಹಾಕಿದ್ರು. 1958ರಲ್ಲಿ ಅವರು ಮಗು ಹೆತ್ತರು. ಕಸಿಯಾದ ಹೆಣ್ಣಿನ ಗರ್ಭಕೋಶಕ್ಕೂ ಒಂದು ಮುಂದಿನ ಬದುಕು ಇದೆ ಅಂತ ಜಗತ್ತಿಗೆ ಆಗಲೇ ಗೊತ್ತಿತ್ತು.

ಆದ್ರೆ ಫೈಬ್ರಾಯ್ಡ್ ಬೆಳೆಯೋದೂ ಅದೇ ಹಾರ್ಮೋನಿನ ಬಲದ ಮೇಲೆ. ಮುಟ್ಟು ನಿಂತಿದ್ದಾಗ ಸುಮ್ಮನಿದ್ದ ಗಂಟು, ಮುಟ್ಟು ಬಂದ ಮೇಲೆ ಬಾಯಿಬಿಡುತ್ತೆ. “ಕಿಡ್ನಿ ಹಾಕಿದ್ಮೇಲೆ ಶುರುವಾಯ್ತು, ಕಿಡ್ನಿಯಿಂದಾನೇ ಬಂತು” ಅಂತ ಮನೇಲಿ ಮಾತು ಹುಟ್ಟುತ್ತೆ. ಹಾಗಲ್ಲ. ನಿಂತಿದ್ದ ಗಡಿಯಾರ ಮತ್ತೆ ಓಡೋಕೆ ಶುರುವಾಗಿದೆ, ಅಷ್ಟೇ.

3/9

ಈಗ ‘ತಡ್ಕೊಳ್ಳಿ’ ಅನ್ನೋ ಸಲಹೆಯ ಬೆಲೆ ನೋಡೋಣ.

ಚಿಕ್ಕಮ್ಮನ ಹಿಮೋಗ್ಲೋಬಿನ್ 6.9ಕ್ಕೆ ಇಳಿದಿತ್ತು. ಅದಕ್ಕೂ ಮುಂಚೆ ಒಂದು ವರ್ಷದಿಂದ ರಿಪೋರ್ಟಿನಲ್ಲಿ 9, 8.4, 7.8 ಅಂತ ಇಳೀತಾನೇ ಇತ್ತು. ಯಾಕೆ ಯಾರೂ ಬೆಚ್ಚಿಬೀಳಲಿಲ್ಲ? ‘ಕಿಡ್ನಿ ಪೇಷೆಂಟ್ ಅಲ್ವಾ, ರಕ್ತ ಕಡಿಮೆ ಇದ್ದೇ ಇರುತ್ತೆ’ ಅನ್ನೋ ನಂಬಿಕೆ. ಅದು ಅರ್ಧ ನಿಜ. ಕಿಡ್ನಿ ಸರಿಯಾಗಿ ಕೆಲಸ ಮಾಡದಿದ್ರೂ ರಕ್ತ ಕಡಿಮೆಯಾಗುತ್ತೆ, ಮೈಕೋಫಿನೊಲೇಟ್‌ನಂಥ ಮಾತ್ರೆಯಿಂದಲೂ ಆಗುತ್ತೆ. ಹಾಗಾಗಿ ಮೂರನೇ ಕಾರಣವನ್ನ ಯಾರೂ ಹುಡುಕಲಿಲ್ಲ. ಕಿಡ್ನಿ ವಿಭಾಗದವರು ಮುಟ್ಟಿನ ಬಗ್ಗೆ ಕೇಳಲಿಲ್ಲ, ಚಿಕ್ಕಮ್ಮ ತಾವಾಗಿ ಹೇಳಲಿಲ್ಲ.

ರಕ್ತ ಕಡಿಮೆಯಾದ್ರೆ ರಕ್ತ ಹಾಕಿಸ್ಕೊಂಡ್ರಾಯ್ತು ಅಂತೀರಾ? ಕಸಿಯಾದವರ ವಿಷಯದಲ್ಲಿ ಅದು ಅಷ್ಟು ಸಲೀಸಲ್ಲ. ಬೇರೆಯವರ ರಕ್ತ ಸೇರಿದಾಗ ದೇಹ ಅದರ ಗುರುತುಗಳ ವಿರುದ್ಧ ಪ್ರತಿಕಾಯ ತಯಾರಿಸಬಹುದು. ಆ ಪ್ರತಿಕಾಯಗಳು ಈಗಿರೋ ಕಿಡ್ನಿಗೂ ತೊಂದರೆ ಮಾಡಬಹುದು, ಮುಂದೆ ಎರಡನೇ ಕಿಡ್ನಿ ಬೇಕಾದ್ರೆ ಹೊಂದಾಣಿಕೆಯಾಗುವ ದಾನಿ ಸಿಗೋದನ್ನೂ ಕಷ್ಟ ಮಾಡಬಹುದು. ಬಿಳಿ ರಕ್ತಕಣ ಸೋಸಿದ ರಕ್ತ ಕೊಟ್ರೆ ಅಪಾಯ ಕಡಿಮೆ, ಪೂರ್ತಿ ಇಲ್ಲವಾಗಲ್ಲ. ಜೀವಕ್ಕೆ ಅಪಾಯ ಇದ್ದಾಗ ರಕ್ತ ಹಾಕಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದ್ರೆ ಪ್ರತೀ ತಿಂಗಳು ರಕ್ತ ಹರಿಯೋಕೆ ಬಿಟ್ಟು, ಆಮೇಲೆ ಬಾಟಲಿಯಿಂದ ತುಂಬಿಸೋದು ಚಿಕಿತ್ಸೆಯಲ್ಲ.

ಇನ್ನೊಂದು, ಹುಡುಗೀರೇ, ಇದು ನಿಮಗೆ. ಮುಟ್ಟಿನ ನೋವಿಗೆ ನಾವು ಬ್ಯಾಗಲ್ಲಿ ಇಟ್ಕೊಳ್ಳೋ ಮಾತ್ರೆಗಳಲ್ಲಿ ಮೆಫೆನಮಿಕ್ ಆ್ಯಸಿಡ್ ಇರುತ್ತೆ. ಐಬುಪ್ರೊಫೇನ್, ಡೈಕ್ಲೊಫಿನಾಕ್ ಕೂಡ ಅದೇ ಜಾತಿ. ಇವು ಕಿಡ್ನಿಗೆ ಹೋಗುವ ರಕ್ತವನ್ನ ಕಡಿಮೆ ಮಾಡ್ತವೆ. ಕಸಿಯಾದವರು ತಗೊಳ್ಳೋ ಟ್ಯಾಕ್ರೊಲಿಮಸ್ ಕೂಡ ಅದೇ ಕೆಲಸ ಮಾಡುತ್ತೆ. ಎರಡೂ ಸೇರಿದ್ರೆ? ಅದಕ್ಕೇ ಅಕ್ಕರೆಯಿಂದ “ತಗೋ ಅತ್ತೆ, ನಂದು ಒಂದು ಮಾತ್ರೆ” ಅಂತ ಕೊಡಬೇಡಿ. ರಕ್ತ ನಿಲ್ಲಿಸೋಕೆ ಕೊಡುವ ಟ್ರಾನೆಕ್ಸಾಮಿಕ್ ಆ್ಯಸಿಡ್ ಕೂಡ ಕಿಡ್ನಿ ಮೂಲಕವೇ ಹೊರಹೋಗೋದು, ಕಿಡ್ನಿಯ ಶಕ್ತಿ ನೋಡಿ ಡೋಸ್ ಇಳಿಸಬೇಕಾಗುತ್ತೆ.

ಹಾಗಾಗಿ ಉಳಿದವರಿಗೆ ‘ತಡ್ಕೊಳ್ಳಿ’ ಅನ್ನೋದು ಕಿರಿಕಿರಿ ಇರಬಹುದು. ಕಸಿಯಾದವಳಿಗೆ ಅದು ಅಪಾಯ.

4/9

ಇನ್ನು ‘ತೆಗೆಸಿಬಿಡಿ’.

ಇದರ ಹಿಂದೆ ನಮ್ಮ ದೇಶದ ಒಂದು ಕೆಟ್ಟ ಅಭ್ಯಾಸ ಇದೆ. ನಮ್ಮದೇ ಕಲಬುರಗಿ ಜಿಲ್ಲೆಯ ತಾಂಡಾಗಳಲ್ಲಿ ಬಡ ಲಂಬಾಣಿ ಹೆಂಗಸರ ಗರ್ಭಕೋಶಗಳನ್ನ ಸಣ್ಣಪುಟ್ಟ ಕಾರಣಕ್ಕೆ ತೆಗೆದ ಸುದ್ದಿಗಳು ಹತ್ತು ವರ್ಷದ ಹಿಂದೆ ಪೇಪರಲ್ಲಿ ಬಂದಿದ್ವು. ಮಹಾರಾಷ್ಟ್ರದ ಬೀಡ್‌ನಲ್ಲಿ ಕಬ್ಬು ಕಡಿಯೋ ಹೆಂಗಸರದ್ದೂ ಇದೇ ಕಥೆ. ಬಿಹಾರ, ಛತ್ತೀಸ್‌ಗಢ, ರಾಜಸ್ಥಾನದ ಪ್ರಕರಣಗಳು ಸುಪ್ರೀಂ ಕೋರ್ಟಿಗೆ ಹೋದವು. ಅನಗತ್ಯವಾಗಿ ಗರ್ಭಕೋಶ ತೆಗೆಯೋದನ್ನ ತಡೆಯೋ ಕೇಂದ್ರದ ಮಾರ್ಗಸೂಚಿಯನ್ನ ಎಲ್ಲ ರಾಜ್ಯಗಳೂ ಜಾರಿ ಮಾಡಬೇಕು ಅಂತ 2023ರಲ್ಲಿ ಕೋರ್ಟ್ ಹೇಳಿತು.

‘ಮಕ್ಕಳಾಗಿದ್ಯಲ್ಲ, ಇನ್ಯಾಕೆ?’ ಅನ್ನೋ ಮಾತು ಬರೋದು ಅಲ್ಲಿಂದಲೇ. ಗರ್ಭಕೋಶ ಅಂದ್ರೆ ಕೆಲಸ ಮುಗಿದ ಪಾತ್ರೆ ಅನ್ನೋ ಲೆಕ್ಕ.

ಕಸಿಯಾದವರಲ್ಲಿ ಈ ಲೆಕ್ಕ ಇನ್ನೂ ತಪ್ಪುತ್ತೆ. ಹೊಟ್ಟೆ ಕೊಯ್ದು ಮಾಡೋ ದೊಡ್ಡ ಆಪರೇಷನ್ ಅಂದ್ರೆ ದೊಡ್ಡ ಗಾಯ. ಸ್ಟೀರಾಯ್ಡ್ ತಗೊಳ್ಳೋರ ಗಾಯ ನಿಧಾನವಾಗಿ ಮಾಯುತ್ತೆ. ಕಿಡ್ನಿಯನ್ನ ದೇಹ ತಿರಸ್ಕರಿಸದೇ ಇರಲಿ ಅಂತ ರೋಗನಿರೋಧಕ ಶಕ್ತಿಯನ್ನ ತಗ್ಗಿಸಿರ್ತಾರೆ, ಆದ್ರಿಂದ ಸೋಂಕಿನ ಭಯ ಹೆಚ್ಚು. ಆಪರೇಷನ್ ಹೊತ್ತಲ್ಲಿ ರಕ್ತ ಹೆಚ್ಚು ಹೋಗಿ ಬಿಪಿ ಬಿದ್ರೆ ಏಟು ಬೀಳೋದು ಇರುವ ಒಂದೇ ಕಿಡ್ನಿಗೆ. ಹೊಸ ಕಿಡ್ನಿಯಿಂದ ಮೂತ್ರಕೋಶಕ್ಕೆ ಬರುವ ಕೊಳವೆ ಮಾಮೂಲಿ ಜಾಗದಲ್ಲಿ ಇರಲ್ಲ. ಗೊತ್ತಿಲ್ಲದೆ ಕೈ ಹಾಕಿದ್ರೆ ಅದಕ್ಕೆ ಗಾಯವಾಗಬಹುದು. ಜೊತೆಗೆ ‘ಹೇಗೂ ತೆಗೀತೀವಿ’ ಅಂತ ಅಂಡಾಶಯಗಳನ್ನೂ ತೆಗೆದ್ರೆ ಮೂಳೆ ಸವೆಯುತ್ತೆ. ಸ್ಟೀರಾಯ್ಡ್‌ನಿಂದ ಮೂಳೆ ಮೊದಲೇ ಸವೆದಿರುತ್ತೆ.

ಒಂದು ಮಾತು ನ್ಯಾಯವಾಗಿ ಹೇಳ್ಬೇಕು. ಗರ್ಭಕೋಶ ತೆಗೆಯೋದು ಪಾಪವಲ್ಲ. ತುಂಬಾ ಗಂಟುಗಳಿರುವವರಿಗೆ, ಕ್ಯಾನ್ಸರ್ ಸಂಶಯ ಇದ್ದವರಿಗೆ, ‘ಮತ್ತೆ ಮತ್ತೆ ಆಸ್ಪತ್ರೆ ಸಾಕು, ಒಂದೇ ಸಲ ಮುಗಿಸಿ’ ಅಂತ ತಾನೇ ತೀರ್ಮಾನಿಸಿದವಳಿಗೆ ಅದೇ ಸರಿಯಾದ ಚಿಕಿತ್ಸೆ ಆಗಬಹುದು. ಕಸಿಯಾದವರಲ್ಲೂ ಅನುಭವಿ ತಂಡಗಳು ಅದನ್ನ ಮಾಡ್ತವೆ, ಲ್ಯಾಪ್ರೊಸ್ಕೋಪಿಯಲ್ಲೂ ಮಾಡ್ತವೆ. ನನ್ನ ತಕರಾರು ಅದನ್ನ ಮಾಡೋದರ ಬಗ್ಗೆ ಅಲ್ಲ, ಬೇರೆ ಏನನ್ನೂ ಹೇಳದೆ ಅದನ್ನ ಮಾಡೋದರ ಬಗ್ಗೆ.

5/9

ಕ್ಲಾಸ್‌ಮೇಟ್ಸ್, ಈ ಪೋಸ್ಟಲ್ಲಿರೋ ಚಿತ್ರ ನಾನೇ ಬರೆದಿದ್ದು, ನಗಬೇಡಿ. ಅನಾಟಮಿ ರೆಕಾರ್ಡಿನಲ್ಲಿ ಇಂಥ ಚಿತ್ರ ನಮಗೆ ಹೇಳಿಕೊಡಲ್ಲ.

ಹೊಸ ಕಿಡ್ನಿಯನ್ನ ಹಳೇ ಕಿಡ್ನಿ ಇದ್ದ ಜಾಗದಲ್ಲಿ, ಅಂದ್ರೆ ಬೆನ್ನಿನ ಕಡೆ, ಇಡಲ್ಲ. ಹೆಚ್ಚಿನವರಲ್ಲಿ ಹಳೇ ಎರಡು ಕಿಡ್ನಿ ಅಲ್ಲೇ ಇರ್ತವೆ. ಹೊಸದು ಕೂರೋದು ಕೆಳಹೊಟ್ಟೆಯಲ್ಲಿ, ಸೊಂಟದ ಮೂಳೆಯ ಬಟ್ಟಲಲ್ಲಿ, ಸಾಮಾನ್ಯವಾಗಿ ಬಲಗಡೆ. ಅಂದ್ರೆ ಗರ್ಭಕೋಶದ ಪಕ್ಕದ ಮನೆ.

ಈಗ ರಕ್ತನಾಳ ನೋಡಿ. ಕೆಳಹೊಟ್ಟೆಯಲ್ಲಿ ಎರಡೂ ಕಡೆ ಒಂದೊಂದು ದೊಡ್ಡ ನಾಳ ಇಳಿದು, ಕವಲೊಡೆದು ಹೊರಗಿನ ಇಲಿಯಾಕ್, ಒಳಗಿನ ಇಲಿಯಾಕ್ ಅಂತ ಎರಡಾಗುತ್ತೆ. ಹೊರಗಿನದು ಕಾಲಿಗೆ ಹೋಗುತ್ತೆ. ಒಳಗಿನದರಿಂದ ಗರ್ಭಕೋಶದ ನಾಳ ಹೊರಡುತ್ತೆ. ಹೊಸ ಕಿಡ್ನಿಯ ನಾಳವನ್ನ ಸರ್ಜನ್ ಈ ಎರಡರಲ್ಲಿ ಒಂದಕ್ಕೆ ಹೊಲಿದಿರ್ತಾರೆ. ಕೆಲವರಲ್ಲಿ ಹೊರಗಿನದಕ್ಕೆ, ಕೆಲವರಲ್ಲಿ ಒಳಗಿನದಕ್ಕೆ.

ಇಷ್ಟೇ ಸಣ್ಣ ವ್ಯತ್ಯಾಸ. ಆದ್ರೆ ಮುಂದಿನ ಎಲ್ಲ ತೀರ್ಮಾನಕ್ಕೂ ಅದು ಬೇಕು. ಯಾವ ಕಡೆಯಿಂದ ತಂತಿ ಹಾಕಬಹುದು, ಎಲ್ಲಿ ಹಾಕಬಾರದು, ಹೊಟ್ಟೆ ಮೇಲೆ ತೂತು ಎಲ್ಲಿ ಮಾಡಬಹುದು, ಮೂತ್ರದ ಕೊಳವೆ ಎಲ್ಲಿ ಹಾದು ಹೋಗಿದೆ, ಎಲ್ಲವೂ ಅದನ್ನ ಅವಲಂಬಿಸಿದೆ.

ಈ ಮಾಹಿತಿ ಇರೋದು ಕಸಿ ಮಾಡಿದಾಗ ಸರ್ಜನ್ ಬರೆದ ಆಪರೇಷನ್ ನೋಟ್‌ನಲ್ಲಿ. ಡಿಸ್ಚಾರ್ಜ್ ಸಮ್ಮರಿಯಲ್ಲಿ ಒಂದು ಸಾಲು ಇದ್ರೆ ಇರಬಹುದು, ಇಲ್ಲದೇ ಇರಲೂಬಹುದು. ನಮ್ಮ ಮನೇಲಿ ಅದು ಎಲ್ಲಿತ್ತು ಗೊತ್ತಾ? ದೇವರ ಮನೆ ಅಟ್ಟದಲ್ಲಿ, ಸೀರೆ ಅಂಗಡಿಯ ಕವರಿನಲ್ಲಿ, ಗ್ಯಾಸ್ ಪುಸ್ತಕದ ಜೊತೆ. ಹುಡುಕೋಕೆ ಅರ್ಧ ದಿನ ಹಿಡೀತು.

ಅದಕ್ಕೇ ಒಂದು ಮನವಿ. ನಿಮ್ಮ ಮನೇಲಿ ಯಾರಿಗಾದ್ರೂ ಕಸಿ ಆಗಿದ್ರೆ ಇವತ್ತೇ ಆ ಕಾಗದದ ಫೋಟೋ ತೆಗೆದು ಎರಡು ಮೊಬೈಲಲ್ಲಿ ಇಟ್ಕೊಳ್ಳಿ. ಆಪರೇಷನ್ ನೋಟ್ ಇಲ್ಲದಿದ್ರೆ ಆಸ್ಪತ್ರೆಯಲ್ಲಿ ಕೇಳಿ ಪಡೀರಿ. ಕೇಳೋದು ನಿಮ್ಮ ಹಕ್ಕು.

6/9

ಈಗ ನಡುವಿನ ದಾರಿಗಳು. ಸೇವ್ ಮಾಡಿಟ್ಕೊಳ್ಳಿ.

ಮೊದಲನೇದು, ಗರ್ಭಕೋಶದೊಳಗೆ ಇಡುವ ಹಾರ್ಮೋನ್ ಸಾಧನ. ಲೆವೊನಾರ್ಜೆಸ್ಟ್ರೆಲ್ ಅನ್ನೋ ಹಾರ್ಮೋನನ್ನ ಸ್ವಲ್ಪ ಸ್ವಲ್ಪವೇ ಬಿಟ್ಟು ರಕ್ತಸ್ರಾವ ತಗ್ಗಿಸುತ್ತೆ. ಕಸಿಯಾದವರಿಗೆ ಸೋಂಕಾಗುತ್ತೆ ಅಂತ ಹಿಂದೆ ಹೆದರ್ತಿದ್ರು. ಈಗ ಆರೋಗ್ಯ ಸ್ಥಿರವಾಗಿರುವ ಕಸಿ ರೋಗಿಗಳಿಗೆ ಅದನ್ನ ಬಳಸಬಹುದು ಅಂತ ಮಾರ್ಗಸೂಚಿಗಳು ಹೇಳ್ತವೆ. ಆದ್ರೆ ಗಂಟು ಒಳಕೋಣೆಯ ಆಕಾರವನ್ನೇ ಕೆಡಿಸಿದ್ರೆ ಇದು ಸರಿಯಾಗಿ ಕೂರಲ್ಲ, ಜಾರಿ ಬೀಳಬಹುದು.

ಎರಡನೇದು, ಹಿಸ್ಟರೊಸ್ಕೋಪಿ. ಹೊಟ್ಟೆ ಮೇಲೆ ಒಂದು ಗೀರೂ ಇಲ್ಲ. ಯೋನಿಯ ಮೂಲಕ ತೆಳುವಾದ ಕ್ಯಾಮೆರಾ ಒಳಗೆ ಹೋಗುತ್ತೆ, ಒಳಕೋಣೆಗೆ ಚಾಚಿದ ಗಂಟನ್ನ ಅಲ್ಲಿಂದಲೇ ಕೆತ್ತಿ ತೆಗೀತಾರೆ. ಒಳಗಡೆ ಚಾಚಿದ ಗಂಟಿಗೆ ಮಾತ್ರ ಇದು ಆಗೋದು. ಇದರಲ್ಲೂ ಒಂದು ಎಚ್ಚರ ಇದೆ. ಗರ್ಭಕೋಶ ಹಿಗ್ಗಿಸೋಕೆ ದ್ರವ ಬಿಡ್ತಾರೆ, ಅದು ಸ್ವಲ್ಪ ರಕ್ತಕ್ಕೆ ಸೇರುತ್ತೆ. ಹೆಚ್ಚು ಸೇರಿದ್ರೆ ಹೃದಯಕ್ಕೆ, ಶ್ವಾಸಕೋಶಕ್ಕೆ ಭಾರ. ಕಿಡ್ನಿ ದುರ್ಬಲ ಇರೋರಲ್ಲಿ ಒಳಗೆ ಹೋದದ್ದೆಷ್ಟು, ಹೊರಗೆ ಬಂದದ್ದೆಷ್ಟು ಅಂತ ಕಟ್ಟುನಿಟ್ಟಾಗಿ ಲೆಕ್ಕ ಇಡ್ಬೇಕು.

ಮೂರನೇದು, ಲ್ಯಾಪ್ರೊಸ್ಕೋಪಿ. ಮೂರು ನಾಲ್ಕು ಸಣ್ಣ ತೂತು ಮಾಡಿ ಗಂಟನ್ನ ಮಾತ್ರ ತೆಗೆದು ಗರ್ಭಕೋಶವನ್ನ ಹೊಲಿಯೋದು. ಮುಂದೆ ಮಗು ಬೇಕು ಅನ್ನೋರಿಗೆ, ಗೋಡೆಯಲ್ಲೋ ಹೊರಗೋ ಗಂಟು ಇದ್ರೆ, ಸಾಮಾನ್ಯವಾಗಿ ಮೊದಲು ಯೋಚಿಸೋದು ಇದನ್ನ. ಇಲ್ಲಿ ಹೊಟ್ಟೆಗೆ ಗ್ಯಾಸ್ ತುಂಬಿಸ್ತಾರೆ. ಆ ಒತ್ತಡ ಕಿಡ್ನಿಗೆ ಹೋಗುವ ರಕ್ತವನ್ನ ಕಡಿಮೆ ಮಾಡುತ್ತೆ. ಅದಕ್ಕೆ ಒತ್ತಡ ಆದಷ್ಟು ಕಡಿಮೆ ಇಟ್ಟು, ಬೇಗ ಮುಗಿಸಿ, ತೂತುಗಳನ್ನ ಹೊಸ ಕಿಡ್ನಿಯಿಂದ ದೂರ ಮಾಡ್ಬೇಕು.

ಮಗು ವಿಷಯ ಬಂತಲ್ಲ, ಒಂದು ಸಾಲು. ಕಸಿಯಾಗಿ ಕನಿಷ್ಠ ಒಂದು ವರ್ಷ ಕಾಯಿರಿ ಅಂತ ಸಾಮಾನ್ಯವಾಗಿ ಹೇಳ್ತಾರೆ. ಮೈಕೋಫಿನೊಲೇಟ್ ಭ್ರೂಣಕ್ಕೆ ಹಾನಿ ಮಾಡುತ್ತೆ, ಗರ್ಭಕ್ಕೆ ಕನಿಷ್ಠ ಆರು ವಾರ ಮೊದಲೇ ಡಾಕ್ಟರೇ ಅದನ್ನ ಬದಲಾಯಿಸ್ಬೇಕು. ನೀವಾಗಿ ನಿಲ್ಲಿಸಿದ್ರೆ ಕಿಡ್ನಿ ಹೋಗುತ್ತೆ.

7/9

ನಾಲ್ಕನೇದು, ಎಂಬೊಲೈಸೇಷನ್. ನಾನು ಕ್ಯಾಥ್‌ಲ್ಯಾಬ್ ಪೋಸ್ಟಿಂಗಲ್ಲಿ ಕಣ್ಣರಳಿಸಿ ನೋಡಿದ್ದು.

ತೊಡೆಸಂದಿಯಿಂದಲೋ ಮಣಿಕಟ್ಟಿನಿಂದಲೋ ಶಾವಿಗೆಯಷ್ಟು ತೆಳು ಟ್ಯೂಬನ್ನ ಗರ್ಭಕೋಶದ ನಾಳದವರೆಗೆ ಕಳಿಸಿ, ಒಂದು ಮಿಲಿಮೀಟರಿಗಿಂತ ಸಣ್ಣ ಕಣಗಳನ್ನ ಬಿಡ್ತಾರೆ. ಗಂಟಿಗೆ ರಕ್ತ ನಿಂತು ಅದು ಒಣಗುತ್ತೆ. ಕೆಲವು ತಿಂಗಳಲ್ಲಿ ಸುಮಾರು ಅರ್ಧಕ್ಕೆ ಕುಗ್ಗುತ್ತೆ. ಪ್ಯಾರಿಸ್‌ನ ರವೀನಾ ಮತ್ತು ಅವರ ತಂಡ 1995ರಲ್ಲಿ ಇದನ್ನ ಪ್ರಕಟಿಸಿದ್ರು. ಆಪರೇಷನ್‌ನಲ್ಲಿ ರಕ್ತ ಕಡಿಮೆ ಹೋಗಲಿ ಅಂತ ಮುಂಚಿತವಾಗಿ ನಾಳ ಮುಚ್ತಿದ್ರು. ನೋಡಿದ್ರೆ ಕೆಲವರಿಗೆ ಅಷ್ಟರಲ್ಲೇ ವಾಸಿಯಾಗಿ ಆಪರೇಷನ್ನೇ ಬೇಕಾಗಲಿಲ್ಲ! 2004ರಲ್ಲಿ ಅಮೆರಿಕದ ಕೊಂಡೊಲೀಸಾ ರೈಸ್ ಫೈಬ್ರಾಯ್ಡ್‌ಗೆ ಮಾಡಿಸ್ಕೊಂಡಿದ್ದು ಇದನ್ನೇ. ಗೊತ್ತಿದ್ದವರಿಗೆ ಈ ಆಯ್ಕೆ 20 ವರ್ಷದ ಹಿಂದೆಯೇ ಇತ್ತು.

ಕಸಿಯಾದವರಲ್ಲಿ ಎಚ್ಚರ ಎಲ್ಲಿ? ಹೊಸ ಕಿಡ್ನಿ ಇರೋ ಕಡೆಯ ತೊಡೆಯಿಂದ ಟ್ಯೂಬ್ ಹಾಕಿದ್ರೆ ಕಿಡ್ನಿಯ ನಾಳದ ಬಾಗಿಲಲ್ಲೇ ಹಾದು ಹೋಗ್ಬೇಕು. ಆದ್ರಿಂದ ಇನ್ನೊಂದು ಕಡೆಯಿಂದ ಅಥವಾ ಮಣಿಕಟ್ಟಿನಿಂದ ಹೋಗೋದು ಜಾಣತನ. ಕಿಡ್ನಿಯ ನಾಳವನ್ನ ಒಳಗಿನ ಇಲಿಯಾಕ್‌ಗೇ ಹೊಲಿದಿದ್ರೆ ಆ ಕಡೆ ಕಣ ಬಿಡೋ ಯೋಚನೆಯನ್ನೇ ಮರುಪರಿಶೀಲಿಸ್ಬೇಕು, ಕಣ ದಾರಿ ತಪ್ಪಿದ್ರೆ ಕಿಡ್ನಿಗೇ ಹೋಗುತ್ತೆ. ಕಾಂಟ್ರಾಸ್ಟ್ ಡೈ ಆದಷ್ಟು ಕಡಿಮೆ ಬಳಸ್ಬೇಕು. ಆಮೇಲೆ ಕೆಲವು ದಿನ ನೋವು, ಸ್ವಲ್ಪ ಜ್ವರ ಸಾಮಾನ್ಯ. ಆದ್ರೆ ಆ ನೋವಿಗೆ ಮಾಮೂಲಿ ಕೊಡೋ ಡೈಕ್ಲೊಫಿನಾಕ್ ಜಾತಿಯದ್ದು ಇವರಿಗೆ ಕೊಡುವಂತಿಲ್ಲ. ರೋಗನಿರೋಧಕ ಶಕ್ತಿ ತಗ್ಗಿರೋರ ಜ್ವರವನ್ನ ‘ಇದು ಮಾಮೂಲಿ’ ಅಂತ ಬಿಡುವಂತೆಯೂ ಇಲ್ಲ.

ಐದನೇದು, ಶಾಖದಿಂದ ಗಂಟನ್ನ ಸುಡೋದು. ರೇಡಿಯೋ ತರಂಗದ ಸೂಜಿ ಚುಚ್ಚಿ ಮಾಡಬಹುದು. ಅಥವಾ ಹೊರಗಿನಿಂದಲೇ ಅಲ್ಟ್ರಾಸೌಂಡ್ ಕಿರಣಗಳನ್ನ ಒಂದು ಬಿಂದುವಿಗೆ ಒಟ್ಟುಗೂಡಿಸಿ ಮಾಡಬಹುದು, ಭೂತಗನ್ನಡಿಯಲ್ಲಿ ಬಿಸಿಲು ಹಿಡಿದು ಕಾಗದ ಸುಡ್ತಿದ್ವಲ್ಲ, ಹಾಗೆ. ಕಿರಣದ ದಾರಿಯಲ್ಲಿ ಹಳೇ ಆಪರೇಷನ್ ಕಲೆ ಇದ್ರೆ ಚರ್ಮ ಸುಡಬಹುದು. ಕಸಿಯಾದವರಲ್ಲಿ ಕಲೆ ಇದ್ದೇ ಇರುತ್ತೆ, ಪಕ್ಕದಲ್ಲಿ ಕಿಡ್ನಿಯೂ ಇರುತ್ತೆ. ಇದು ಎಲ್ಲ ಊರಲ್ಲೂ ಸಿಗಲ್ಲ, ಎಲ್ಲರಿಗೂ ಆಗಲ್ಲ.

ನೋಡಿ, ಐದರಲ್ಲಿ ಒಂದೂ ಅಪಾಯವಿಲ್ಲದ್ದಲ್ಲ. ಹಾಗಂತ ಅವುಗಳ ಹೆಸರನ್ನೂ ಎತ್ತದೇ ಇರೋದು ನ್ಯಾಯವಲ್ಲ.

8/9

ಚಿಕ್ಕಮ್ಮನಿಗೆ ಏನಾಯ್ತು ಅಂತ ಡಿಎಂ ಮಾಡಿ ಕೇಳ್ತಿದೀರಿ. ಹೇಳ್ತೀನಿ, ನನ್ನ ತಪ್ಪೂ ಸೇರಿಸಿ.

ದಾರಿ ತೋರಿಸಿದ್ದು ಯಾವ ದೊಡ್ಡ ಮೆಷಿನ್ನೂ ಅಲ್ಲ. ಕಿಡ್ನಿ ಓಪಿಡಿಯ ಒಬ್ಬ ನರ್ಸ್, ಬಿಪಿ ನೋಡ್ತಾ ಕೇಳಿದ ಒಂದು ಪ್ರಶ್ನೆ: “ಅಕ್ಕ, ತಿಂಗಳಿಗೆ ಎಷ್ಟು ಪ್ಯಾಡ್ ಬೇಕಾಗುತ್ತೆ?” ಆರು ವರ್ಷದಲ್ಲಿ ಅಲ್ಲಿ ಯಾರೂ ಕೇಳಿರಲಿಲ್ಲ. ಚಿಕ್ಕಮ್ಮ ಅಲ್ಲೇ ಅತ್ತುಬಿಟ್ರಂತೆ.

ಆಮೇಲೆ ಕಿಡ್ನಿ ಡಾಕ್ಟರ್, ಸ್ತ್ರೀರೋಗ ಡಾಕ್ಟರ್, ರೇಡಿಯಾಲಜಿಸ್ಟ್ ಮೂವರೂ ಒಂದೇ ಟೇಬಲ್‌ಗೆ ಬಂದ್ರು. ನಾನಂತೂ ‘ಎಂಬೊಲೈಸೇಷನ್ ಮಾಡಿಸೋಣ, ನಾನು ನೋಡಿದೀನಿ, ಸೂಪರಾಗಿದೆ’ ಅಂತ ಮನೆಯವರನ್ನೆಲ್ಲ ಒಪ್ಪಿಸಿ ಇಟ್ಟಿದ್ದೆ. ಡೈ ಹಾಕದೆ ಎಂಆರ್‌ಐ ಮಾಡಿದ್ರು. ರೇಡಿಯಾಲಜಿಸ್ಟ್ ಸ್ಕ್ರೀನ್ ತೋರಿಸಿ ಹೇಳಿದ್ರು, “ರಕ್ತ ಹರಿಸ್ತಿರೋದು ಈ ಮೂರು ಸೆಂಟಿಮೀಟರ್ ಗಂಟು. ಮುಕ್ಕಾಲು ಭಾಗ ಒಳಕೋಣೆಗೆ ಚಾಚಿದೆ. ಇದು ನನ್ನ ರೂಮಿನ ಕೆಲಸ ಅಲ್ಲಮ್ಮ, ಅವರದ್ದು,” ಅಂತ ಸ್ತ್ರೀರೋಗ ಡಾಕ್ಟರ್ ಕಡೆ ಕೈ ಮಾಡಿದ್ರು.

ನನಗೆ ಇಷ್ಟವಾದ ಚಿಕಿತ್ಸೆಯೇ ಅವರಿಗೂ ಸರಿ ಅಂತ ನಾನು ಹಟ ಹಿಡಿದಿದ್ದೆ. ‘ತೆಗೆಸಿಬಿಡಿ’ ಅಂದ ಡಾಕ್ಟರಿಗೂ ನನಗೂ ಅವತ್ತು ಏನು ವ್ಯತ್ಯಾಸ ಇತ್ತು ಹೇಳಿ? ಇಬ್ಬರೂ ಗಂಟು ಎಲ್ಲಿದೆ ಅಂತ ನೋಡೋಕೆ ಮುಂಚೆಯೇ ತೀರ್ಮಾನ ಮಾಡಿದ್ವಿ.

ಮೊದಲು ರಕ್ತನಾಳದ ಮೂಲಕ ಕಬ್ಬಿಣಾಂಶ ಕೊಟ್ಟು ಹಿಮೋಗ್ಲೋಬಿನ್ ಏರಿಸಿದ್ರು. ಗರ್ಭಕೋಶದ ಒಳಪದರದ ಸ್ಯಾಂಪಲ್ ಪರೀಕ್ಷೆ ಮಾಡಿ ಕ್ಯಾನ್ಸರ್ ಇಲ್ಲ ಅಂತ ಖಾತ್ರಿ ಮಾಡ್ಕೊಂಡ್ರು. ಆಪರೇಷನ್ ದಿನ ಬೆಳಿಗ್ಗೆ 8ಕ್ಕೆ ಒಂದು ಗುಟುಕು ನೀರಲ್ಲಿ ಕಿಡ್ನಿ ಮಾತ್ರೆ ಕೊಟ್ರು, ಅದನ್ನ ತಪ್ಪಿಸಲಿಲ್ಲ. ಹಿಸ್ಟರೊಸ್ಕೋಪಿಯಲ್ಲಿ ಗಂಟು ತೆಗೆದ್ರು. ಹೋದ ನೀರು ಬಂದ ನೀರನ್ನ ಒಬ್ಬ ಸಿಸ್ಟರ್ ಬರೀ ಅದನ್ನೇ ಕೂತು ಬರ್ಕೊಳ್ತಿದ್ರಂತೆ. ಮರುದಿನ ಮನೆಗೆ.

ನಾಲ್ಕು ತಿಂಗಳ ನಂತರ ಹಿಮೋಗ್ಲೋಬಿನ್ 11.2. ಮುಟ್ಟು ಐದು ದಿನ. ಕ್ರಿಯಾಟಿನಿನ್ ಇದ್ದಲ್ಲೇ ಇದೆ. ಗೋಡೆಯಲ್ಲಿ ಇನ್ನೊಂದು ಸಣ್ಣ ಗಂಟು ಹಾಗೇ ಇದೆ, ಅದರ ಮೇಲೆ ಕಣ್ಣಿಟ್ಟಿದ್ದಾರೆ. ಮತ್ತೆ ಬೆಳೆಯಬಹುದು. ಬೆಳೆದ್ರೆ ಮತ್ತೆ ಮೂವರೂ ಕೂತು ನೋಡ್ತಾರೆ.

9/9

ಕೊನೇದು. ನನ್ನ ಸೀನಿಯರ್ ಒಬ್ರು ಹಿಂದಿನ ಪೋಸ್ಟ್ ಓದಿ ಕೇಳಿದ್ರು: “ಕಸಿಯಾದವರಲ್ಲಿ ಇವುಗಳ ಬಗ್ಗೆ ದೊಡ್ಡ ಅಧ್ಯಯನಗಳೇ ಇಲ್ಲ. ಅಲ್ಲೊಬ್ಬರು ಇಲ್ಲೊಬ್ಬರು ರೋಗಿಯ ವರದಿಗಳು ಅಷ್ಟೇ. ಇಷ್ಟು ಧೈರ್ಯವಾಗಿ ಹೇಗೆ ಬರೀತೀಯ?”

ಸರಿಯಾದ ಪ್ರಶ್ನೆ. ಸಾಕ್ಷ್ಯ ಕಡಿಮೆ ಇದೆ. ಅದಕ್ಕೇ ಇದನ್ನ ಸಿಕ್ಕಸಿಕ್ಕಲ್ಲಿ ಮಾಡಿಸಬೇಡಿ, ಕಸಿ ತಂಡ ಇರೋ ಆಸ್ಪತ್ರೆಯಲ್ಲೇ ಕೇಳಿ ಅಂತಿದೀನಿ. ಆದ್ರೆ ಒಂದು ಯೋಚನೆ ಮಾಡಿ. ಕಸಿಯಾದವರಲ್ಲಿ ಹೊಟ್ಟೆ ಕೊಯ್ದು ಗರ್ಭಕೋಶ ತೆಗೆಯೋದರ ಬಗ್ಗೆ ಆದ್ರೂ ದೊಡ್ಡ ಅಧ್ಯಯನ ಎಷ್ಟಿದೆ? ‘ತಡ್ಕೊಳ್ಳಿ’ ಅನ್ನೋದಕ್ಕೆ ಯಾವ ಅಧ್ಯಯನ ಇದೆ? ಸಾಕ್ಷ್ಯ ಕಡಿಮೆ ಅನ್ನೋದು ಹುಷಾರಾಗಿರೋಕೆ ಕಾರಣ, ಬಾಯಿ ಮುಚ್ಕೊಂಡಿರೋಕೆ ಅಲ್ಲ.

ಇನ್ನೊಬ್ಬರು ಕೇಳಿದ್ದು ಖರ್ಚಿನ ಬಗ್ಗೆ. ಹೌದು, ಇವು ತಾಲ್ಲೂಕು ಆಸ್ಪತ್ರೆಯಲ್ಲಿ ಸಿಗಲ್ಲ, ಬಸ್ ಚಾರ್ಜ್, ರಜೆ, ಟೆಸ್ಟು ಎಲ್ಲ ಸೇರಿ ಭಾರವೇ. ಆದ್ರೆ ಪ್ಯಾಡ್ ಲೆಕ್ಕ ಕೇಳೋಕೆ ಖರ್ಚಿಲ್ಲ. ಆಪರೇಷನ್ ನೋಟ್ ಫೋಟೋ ತೆಗೆಯೋಕೆ ಖರ್ಚಿಲ್ಲ. ಅರ್ಧ ಅನಾಹುತ ಅಲ್ಲೇ ತಪ್ಪುತ್ತೆ.

ನಮ್ಮ ದೇಶದಲ್ಲಿ ಬದುಕಿರುವಾಗಲೇ ಕಿಡ್ನಿ ಕೊಡೋರಲ್ಲಿ ಹೆಚ್ಚಿನವರು ಹೆಂಗಸರು, ಪಡೆಯೋರಲ್ಲಿ ಹೆಚ್ಚಿನವರು ಗಂಡಸರು. ಅಂಥದ್ದರಲ್ಲಿ ಒಬ್ಬ ಹೆಣ್ಣಿಗೆ ಕಿಡ್ನಿ ಸಿಕ್ಕಿದೆ. ನಮ್ಮಜ್ಜಿ 58ನೇ ವಯಸ್ಸಲ್ಲಿ ಕೊಟ್ಟು, ಈಗಲೂ ಒಂದೇ ಕಿಡ್ನಿಯಲ್ಲಿ ತೋಟಕ್ಕೆ ಹೋಗಿ ಬರ್ತಾರೆ. ಅದನ್ನ ತಿಂಗಳ ರಕ್ತಸ್ರಾವಕ್ಕೆ, ನಮ್ಮ ನಾಚಿಕೆಗೆ ಕಳ್ಕೊಳ್ಳೋದಾ?

ಡಾಕ್ಟರ್ ಹತ್ರ ಕೇಳ್ಬೇಕಾದ್ದು, ಸ್ಕ್ರೀನ್‌ಶಾಟ್ ತಗೊಳ್ಳಿ:

• ಗಂಟು ಎಲ್ಲಿದೆ? ಒಳಗೆ, ಗೋಡೆಯಲ್ಲಿ, ಹೊರಗೆ?
• ನನ್ನ ರಕ್ತ ಕಡಿಮೆಯಾಗಿರೋದು ಕಿಡ್ನಿಯಿಂದಲೋ, ರಕ್ತಸ್ರಾವದಿಂದಲೋ?
• ಹೊಸ ಕಿಡ್ನಿಯ ನಾಳ ಎಲ್ಲಿಗೆ ಸೇರಿದೆ, ಮೂತ್ರದ ಕೊಳವೆ ಎಲ್ಲಿ ಹಾದಿದೆ? (ನೋಟ್ ಕೈಯಲ್ಲಿರಲಿ.)
• ಗರ್ಭಕೋಶ ಉಳಿಸಿ ಮಾಡುವ ದಾರಿ ಯಾವುದು ನನಗೆ ಆಗುತ್ತೆ, ಯಾವುದು ಆಗಲ್ಲ, ಯಾಕೆ?
• ಕ್ಯಾನ್ಸರ್ ಇಲ್ಲ ಅಂತ ಪರೀಕ್ಷೆ ಆಗಿದೆಯಾ? ರೋಗನಿರೋಧಕ ಶಕ್ತಿ ತಗ್ಗಿಸಿರೋರಿಗೆ ಗರ್ಭಕೊರಳಿನ ಪರೀಕ್ಷೆ ಇನ್ನೂ ಮುಖ್ಯ.
• ನೋವಿಗೆ ಯಾವ ಮಾತ್ರೆ? ನಂಜಿಗೆ ಕೊಡುವ ಆ್ಯಂಟಿಬಯೋಟಿಕ್ ನನ್ನ ಟ್ಯಾಕ್ರೊಲಿಮಸ್ ಜೊತೆ ಹೊಂದುತ್ತಾ?
• ನನ್ನ ಕಿಡ್ನಿ ಡಾಕ್ಟರ್ ಜೊತೆ ನೀವು ಮಾತಾಡ್ತೀರಾ?

ಕ್ಲಾಸ್‌ಮೇಟ್ಸ್, ನಾಳೆ ನಾವೇ ಬಿಪಿ ನೋಡೋರು, ಸ್ಕ್ಯಾನ್‌ಗೆ ಮಲಗಿಸೋರು, ಫೈಲ್ ಹಿಡಿಯೋರು. ಆ ನರ್ಸ್ ಕೇಳಿದ ಪ್ರಶ್ನೆ ಕೇಳೋಕೆ ಎಂಡಿ ಡಿಗ್ರಿ ಬೇಕಾಗಿಲ್ಲ. ಮನೇಲಿ ಅಮ್ಮ, ಅತ್ತೆ, ಚಿಕ್ಕಮ್ಮ ಇದ್ರೆ ಈ ವಾರವೇ ಕೇಳಿ ನೋಡಿ. ಮೊದಲ ಸಲ ಬೈತಾರೆ. ಎರಡನೇ ಸಲ ಹೇಳ್ತಾರೆ.

ನಿಮ್ಮ ಮನೇಲೂ ಇಂಥ ಕಥೆ ಇದ್ರೆ ಕಾಮೆಂಟಲ್ಲಿ ಹೆಸರು, ಆಸ್ಪತ್ರೆ ಬರೀದೆ ಹಂಚ್ಕೊಳ್ಳಿ. ಚಿಕ್ಕಮ್ಮ ಎಲ್ಲ ಓದ್ತಾರೆ, ರಾತ್ರಿ 8ರ ಮಾತ್ರೆ ಆದ್ಮೇಲೆ.

#ಮುಟ್ಟು_ಮಾತಾಡೋಣ #ಫೈಬ್ರಾಯ್ಡ್ #ಕಿಡ್ನಿಕಸಿ #ಕನ್ನಡದಲ್ಲಿ_ಆರೋಗ್ಯ